ಸತ್ತವರಿಗೂ ಒಂದು ಹಕ್ಕಿದೆ



ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ನಾನು ಆಡಿದ ಮಾತುಗಳನ್ನು ಈ ಸಂಚಿಕೆಗಾಗಿ ಬರೆದುಕೊಡಬೇಕೆಂದು ಹಿರಿಯರು ಹೇಳಿದ್ದರಿಂದ ಅವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಉರ್ದುವಿನಲ್ಲಿ ಗ್ರೀಸ್ ದೇಶವನ್ನು ನಾವು ಯೂನಾನ್ ಎನ್ನುತ್ತೇವೆ. ಯುನಾನಿ ವೈದ್ಯ ಪದ್ಧತಿಗೆ ಆ ಹೆಸರು ಬಂದದ್ದು ಅಲ್ಲಿಂದಲೇ. ಹಕೀಮರು ಬುಕ್ರಾತ್ ಎಂದು ಗೌರವದಿಂದ ನೆನೆಯುವ ಹಿಪೊಕ್ರೇಟಿಸ್ ಬದುಕಿದ್ದ ಕಾಲದಲ್ಲೇ, ಕ್ರಿ.ಪೂ. 430ರಲ್ಲಿ, ಯೂನಾನಿನ ಅಥೆನ್ಸ್ ನಗರಕ್ಕೆ ಮಹಾಮಾರಿ ಬಡಿಯಿತು. ಸ್ಪಾರ್ಟಾದೊಡನೆ ಯುದ್ಧ ನಡೆಯುತ್ತಿದ್ದುದರಿಂದ ಹಳ್ಳಿಗಳ ಜನರೆಲ್ಲ ಕೋಟೆಯೊಳಗೆ ಕಿಕ್ಕಿರಿದಿದ್ದರು. ಸಾವಿರಾರು ಜನ ಸತ್ತರು. ಆ ರೋಗ ತಗುಲಿಯೂ ಬದುಕಿ ಉಳಿದ ಇತಿಹಾಸಕಾರ ಥುಸಿಡಿಡೀಸ್ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಅಂತ್ಯಕ್ರಿಯೆಯ ರೀತಿ ನೀತಿಗಳೇ ಅಳಿದು, ಬೇರೆಯವರು ಸಿದ್ಧಪಡಿಸಿದ ಚಿತೆಯ ಮೇಲೆ ಜನ ತಮ್ಮವರ ಹೆಣವನ್ನು ಇಟ್ಟು ಹೋಗುತ್ತಿದ್ದರಂತೆ.

2020-21ರ ಕೋವಿಡ್ ದಿನಗಳಲ್ಲಿ ಜನಾಜಾ ನಮಾಜಿಗೆ ಬಂಧುಗಳೇ ಸೇರಲಾಗದ ಸ್ಥಿತಿಯನ್ನು ಕಂಡ ನಮಗೆ ಈ ಸಂಕಟ ಅರ್ಥವಾಗದ್ದೇನಲ್ಲ.

ಸುಮಾರು 2,400 ವರ್ಷಗಳ ನಂತರ ಅಥೆನ್ಸ್‌ನಲ್ಲಿ ಮೆಟ್ರೊ ರೈಲಿನ ಕೆಲಸ ಆರಂಭವಾಯಿತು. ನಗರದ ಪ್ರಾಚೀನ ಸ್ಮಶಾನವಿದ್ದ ಕೆರಮೈಕೋಸ್ ಪ್ರದೇಶದಲ್ಲಿ ನಿಲ್ದಾಣ ಕಟ್ಟುವ ಮೊದಲು, 1994-95ರಲ್ಲಿ, ಪುರಾತತ್ವಜ್ಞರು ನೆಲ ಅಗೆದು ನೋಡಿದರು. ಇದಕ್ಕೆ ರಕ್ಷಣಾ ಉತ್ಖನನ ಎನ್ನುತ್ತಾರೆ. ಅಲ್ಲಿ ನೂರಾರು ಗೋರಿಗಳ ಜೊತೆಗೆ ಒಂದು ದೊಡ್ಡ ಗುಂಡಿ ಸಿಕ್ಕಿತು. ಅದರಲ್ಲಿ ಕಡಿಮೆಯೆಂದರೂ 150 ಜನರನ್ನು ಹೂಳಲಾಗಿತ್ತು. ಕೆಳಗಿನ ಪದರಗಳಲ್ಲಿ ಹೆಣಗಳನ್ನು ಸ್ವಲ್ಪ ಕ್ರಮವಾಗಿ ಮಲಗಿಸಿದ್ದರು. ಮೇಲೆ ಬಂದಂತೆ ಒಂದರ ಮೇಲೊಂದು ಎಸೆದಂತಿತ್ತು. ಹಸುಳೆಗಳನ್ನು ಮಾತ್ರ ಮಣ್ಣಿನ ಮಡಕೆಗಳಲ್ಲಿಟ್ಟು ಹೂಳಿದ್ದರು. ಅಂಥ ಭೀತಿಯಲ್ಲಿಯೂ ಯಾರೋ ಮಕ್ಕಳ ವಿಷಯದಲ್ಲಿ ಕೈಬಿಡಲಿಲ್ಲ ಎಂಬುದನ್ನು ಗಮನಿಸಿ. ಥುಸಿಡಿಡೀಸ್ ಬರೆದ ಕಾಲವೇ ಈ ಗುಂಡಿಯದೂ ಎಂದು ವಿದ್ವಾಂಸರು ಗುರುತಿಸಿದರು.

2006ರಲ್ಲಿ ಇಲ್ಲಿನ ಹಲ್ಲುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ರೋಗ ವಿಷಮಶೀತ ಜ್ವರವಿರಬಹುದೆಂದರು. ಬೇರೆ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಗುಂಡಿಯಲ್ಲಿ ಸಿಕ್ಕ ಸುಮಾರು 11 ವರ್ಷದ ಬಾಲಕಿಯೊಬ್ಬಳ ತಲೆಬುರುಡೆಯ ಆಧಾರದಿಂದ ಅವಳ ಮುಖವನ್ನು ಮತ್ತೆ ರೂಪಿಸಿ 2010ರಲ್ಲಿ ಜನರಿಗೆ ತೋರಿಸಿದರು. ನಿಜವಾದ ಹೆಸರು ಯಾರಿಗೂ ತಿಳಿಯದ್ದರಿಂದ ಮಿರ್ಟಿಸ್ ಎಂದು ಕರೆದರು.

ಗೋರಿಯನ್ನು ಅಗೆಯುವುದು ಸರಿಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗೋರಿಯನ್ನು ಅದರ ಪಾಡಿಗೆ ಬಿಡುವುದೇ ಎಲ್ಲಕ್ಕಿಂತ ಒಳ್ಳೆಯದು. ಅಥೆನ್ಸ್‌ನವರೂ ಕೊನೆಗೆ ಹಳೆಯ ಸ್ಮಶಾನಕ್ಕೆ ಧಕ್ಕೆಯಾಗದಂತೆ ಮಾರ್ಗವನ್ನೇ ಬದಲಿಸಿದರು. ಕೆರಮೈಕೋಸ್ ನಿಲ್ದಾಣ 2007ರಲ್ಲಿ ಬೇರೆ ಜಾಗದಲ್ಲಿ ತೆರೆಯಿತು. ಆದರೆ ಯಂತ್ರ ಬರುವುದು ಖಚಿತವಾದಾಗ, ಮೂಳೆಗಳನ್ನು ಮೊದಲು ಮುಟ್ಟಬೇಕಾದದ್ದು ಯಂತ್ರದ ಹಲ್ಲೋ ಅಥವಾ ಬಲ್ಲವರ ಕೈಯೋ? ರಕ್ಷಣಾ ಉತ್ಖನನದ ಹಿಂದಿರುವುದು ಇದೊಂದೇ ಪ್ರಶ್ನೆ.

ನಮ್ಮ ಪ್ರವಾದಿಯವರು (ಸ) ಹಾದುಹೋಗುತ್ತಿದ್ದ ಶವಯಾತ್ರೆಯೊಂದನ್ನು ಕಂಡು ಎದ್ದು ನಿಂತರು. ಸತ್ತವನು ಯಹೂದಿ ಎಂದು ಜೊತೆಯವರು ಹೇಳಿದಾಗ, ಅದೂ ಒಂದು ಜೀವವೇ ಅಲ್ಲವೇ ಎಂಬ ಅರ್ಥದ ಮಾತನ್ನು ಆಡಿದರೆಂದು ಹದೀಸಿನಲ್ಲಿದೆ. ಸತ್ತವರ ಗೌರವಕ್ಕೆ ಜಾತಿ, ಮತ, ಕಾಲದ ಗಡಿಯಿಲ್ಲ. ಮಿರ್ಟಿಸ್‌ಗೂ ಅದು ಸಲ್ಲುತ್ತದೆ.

ನಮ್ಮೂರುಗಳಲ್ಲೂ ರಸ್ತೆ ಅಗಲವಾಗುತ್ತದೆ, ಖಬರಸ್ತಾನದ ಗೋಡೆ ಹೊಸದಾಗುತ್ತದೆ. ಹಳೆಯ ಗೋರಿಕಲ್ಲುಗಳ ಮೇಲಿನ ಉರ್ದು, ಫಾರಸಿ ಬರಹಗಳನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಕಮಿಟಿಯವರ ಅನುಮತಿ ಪಡೆದು, ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ಗೋರಿಯನ್ನೂ ತುಳಿಯದೆ, ಕಲ್ಲಿನ ಮೇಲಿನ ಹೆಸರು, ಇಸವಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ; ಕನ್ನಡದಲ್ಲೂ ಬರೆಯಿರಿ. ಒಂದು ಪ್ರತಿ ಮಸೀದಿಯಲ್ಲಿರಲಿ, ಇನ್ನೊಂದು ಶಾಲೆಯಲ್ಲಿರಲಿ. ಇದಕ್ಕೆ ಹಣ ಬೇಕಿಲ್ಲ, ಎರಡು ಭಾನುವಾರ ಸಾಕು.

ಮಿರ್ಟಿಸ್‌ಳ ಹೆಸರನ್ನು ಬರೆದಿಡುವವರು ಅಂದು ಯಾರೂ ಇರಲಿಲ್ಲ. ನಮ್ಮ ಹಿರಿಯರ ಹೆಸರುಗಳು ಇನ್ನೂ ಕಲ್ಲಿನ ಮೇಲಿವೆ. ಅವು ಅಳಿಯುವ ಮೊದಲು ಬರೆದುಕೊಳ್ಳೋಣ. ಅಲ್ಲಾಹನು ನಮಗೆ ತೌಫೀಕ್ ನೀಡಲಿ, ಆಮೀನ್.