ಗೊರಕೆ ನಿಂತಾಗ ಕಿವಿಗೊಡಿ



ಗೊರಕೆ ಎಂದರೆ ನಮಗೆ ನಗು. ಗೊರಕೆ ಹೊಡೆಯುವವರನ್ನು ಕುಂಭಕರ್ಣ ಎಂದು ಛೇಡಿಸುತ್ತೇವೆ. ‘ಪುಣ್ಯವಂತರು, ಎಂಥ ಸುಖನಿದ್ದೆ!’ ಎಂದು ಹೊಟ್ಟೆಕಿಚ್ಚುಪಡುವುದೂ ಉಂಟು. ಆದರೆ ಜೋರು ಗೊರಕೆ ಒಮ್ಮೆಲೇ ನಿಂತು, ಕೆಲ ಹೊತ್ತಿನ ಮೇಲೆ ಉಸಿರುಗಟ್ಟಿದವರಂತೆ ಬೆಚ್ಚಿ ಮತ್ತೆ ಶುರುವಾಗುತ್ತಿದ್ದರೆ, ಆ ನಡುವಿನ ನಿಶ್ಶಬ್ದವನ್ನು ಗಮನಿಸಿ. ಅದು ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರಬಹುದು.

ಆಗುವುದೇನು? ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಉಸಿರಿನ ದಾರಿಯೇ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ, ಉಸಿರು ಬಂದೊಡನೆ ಮತ್ತೆ ಮಂಪರು. 10 ಸೆಕೆಂಡಾದರೂ ಉಸಿರು ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ 5 ಸಲ ಮುಟ್ಟಿದರೆ ಕಾಯಿಲೆಯ ಲೆಕ್ಕ. 30 ಸಲ ಮುಟ್ಟಿದರೆ ತೀವ್ರ. ಬೆಳಿಗ್ಗೆ ಎದ್ದವರಿಗೆ ಇದಾವುದೂ ನೆನಪಿರುವುದಿಲ್ಲ. ತಲೆನೋವು, ಬಾಯಿ ಒಣಗುವುದು, ಸಿಡುಕು, ಕುಳಿತಲ್ಲೇ ತೂಕಡಿಕೆ, ಇಷ್ಟೇ ಗೊತ್ತಾಗುವುದು. ಲೋಕಲ್ ರೈಲಿನಲ್ಲಿ ತೂಕಡಿಸಿದರೆ ಸ್ಟೇಷನ್ ತಪ್ಪೀತು. ಕಾರು ಓಡಿಸುವಾಗ ತೂಕಡಿಸಿದರೆ?

ವರ್ಷಗಟ್ಟಲೆ ಹೀಗೇ ನಡೆದರೆ ರಕ್ತದೊತ್ತಡ ಏರುತ್ತದೆ, ಮಾತ್ರೆಗೂ ಬಗ್ಗದಂತಾಗಬಹುದು. ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು, ಸಕ್ಕರೆ ಕಾಯಿಲೆ ಇವುಗಳ ಅಪಾಯವೂ ಹೆಚ್ಚು. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಮುಂಬೈಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ಇದೇ.

ಬೊಜ್ಜು, ದಪ್ಪ ಕುತ್ತಿಗೆ ಇರುವವರಿಗೆ, ಐವತ್ತು ದಾಟಿದವರಿಗೆ, ಮುಟ್ಟು ನಿಂತ ಮಹಿಳೆಯರಿಗೆ ಇದು ಹೆಚ್ಚು. ದವಡೆ ಚಿಕ್ಕದಿದ್ದರೆ ತೆಳ್ಳಗಿನವರಿಗೂ ಬರಬಹುದು. ಮಕ್ಕಳು ದಿನವೂ ಗೊರಕೆ ಹೊಡೆಯುತ್ತಿದ್ದರೆ ಟಾನ್ಸಿಲ್ ತೋರಿಸಿ.

ಕಿವಿ-ಮೂಗು-ಗಂಟಲು ಅಥವಾ ಶ್ವಾಸಕೋಶ ತಜ್ಞರನ್ನು ಕಾಣಿ. ಒಂದು ರಾತ್ರಿಯ ನಿದ್ರಾ ಪರೀಕ್ಷೆಯಿಂದ ವಿಷಯ ತಿಳಿಯುತ್ತದೆ. ಕೆಲವರಿಗೆ ಮನೆಯಲ್ಲೇ ಮಾಡಬಹುದು. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿ ಮದ್ಯ ಬಿಡುವುದು ಸಹಾಯಕ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ನುಂಗಬೇಡಿ. ಗಂಟಲು ಇನ್ನಷ್ಟು ಸಡಿಲವಾದೀತು. ತೊಂದರೆ ಹೆಚ್ಚಿದ್ದರೆ ‘ಸಿಪ್ಯಾಪ್’ ಯಂತ್ರವಿದೆ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವಾನ್ ಲೋಕಕ್ಕೆ ಪರಿಚಯಿಸಿದ ಈ ಉಪಾಯ, ಮುಖವಾಡದ ಮೂಲಕ ಗಾಳಿಯೊತ್ತಿ ಉಸಿರಿನ ದಾರಿಯನ್ನು ತೆರೆದಿಡುತ್ತದೆ. ಮೊದಲು ಕಿರಿಕಿರಿ ಎನಿಸಿದರೂ ದಿನವೂ ಹಾಕಿಕೊಂಡರಷ್ಟೇ ಫಲ.

ಈ ಕಾಯಿಲೆಗೆ ಸಾಕ್ಷಿ ರೋಗಿಯಲ್ಲ, ಪಕ್ಕದಲ್ಲಿ ಮಲಗಿದವರು. ಒಂಟಿಯಾಗಿರುವವರು ಮೊಬೈಲಿನಲ್ಲಿ ಗೊರಕೆಯನ್ನು ರೆಕಾರ್ಡ್ ಮಾಡಿ ವೈದ್ಯರಿಗೆ ಕೇಳಿಸಿ. ಮನೆಯವರಿದ್ದರೆ, ಇವತ್ತು ರಾತ್ರಿ ದಿಂಬು ಎತ್ತಿಕೊಂಡು ಹಾಲ್‌ಗೆ ಹೋಗುವ ಮುನ್ನ ಐದು ನಿಮಿಷ ಕಿವಿಗೊಟ್ಟು ಕೇಳಿ.

ಎಲ್ಲರಿಗೂ ಒಳ್ಳೆಯ ನಿದ್ದೆ ಬರಲಿ.