ತಾನಾಗಿ ಬರುವವರೆಗೆ
(ಶತಮಾನೋತ್ಸವದ ಪಾಲಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ನೂರು ವರ್ಷ ತುಂಬಿದ ಈ ಕನ್ನಡ ಶಾಲೆಯ ಅಂಗಳದಲ್ಲಿ ಅಕ್ಷರ ಕಲಿತು, ಇಂದು ಗೋವಾದ ವಾಸ್ಕೋ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರ ಹೊಣೆ ಹೊತ್ತಿರುವ ನಮಗೆ ಇಲ್ಲಿ ನಿಂತು ಮಾತನಾಡುವುದು ಭಾಗ್ಯವೂ ಹೌದು, ಪರೀಕ್ಷೆಯೂ ಹೌದು. ಮಕ್ಕಳಲ್ಲಿ ಪ್ರಾಣಿದಯೆಯನ್ನು ಬೆಳೆಸುವ ಬಗೆಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ದೊಡ್ಡ ತತ್ತ್ವಗಳನ್ನು ಹೇಳುವುದರ ಬದಲು, ಬೆದರಿದ ಬೆಕ್ಕಿನ ಮರಿಯೊಂದನ್ನು ಸಾಕಲು ಹೋಗಿ ನಮ್ಮ ಶಾಲೆಯವರೆಲ್ಲ ಕಲಿತ ಪಾಠವನ್ನು ತಮ್ಮ ಮುಂದಿಡುತ್ತೇವೆ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡದ ಮಗುವಿಲ್ಲ. ರಾಜನು ಬೆಕ್ಕಿಗೆಂದು ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲು ಕಂಡರೆ ಓಡತೊಡಗಿತು. ನಾವೆಲ್ಲ ರಾಮಕೃಷ್ಣನ ಜಾಣ್ಮೆಗೆ ನಗುತ್ತೇವೆ, ಬೆಕ್ಕಿನ ಕಡೆಯಿಂದ ಆ ಕಥೆಯನ್ನು ಓದುವುದಿಲ್ಲ. ಒಂದೇ ದಿನದಲ್ಲಿ ಕಲಿತ ಭಯವು ಬದುಕಿನುದ್ದಕ್ಕೂ ಉಳಿಯಿತೆಂಬುದು ಆ ಬೆಕ್ಕಿನ ಕಥೆ. ನಾವೂ ತಿಳಿಯದೆ ಅಂಥದೇ ತಪ್ಪು ಮಾಡಿದೆವು.

ಕೆಲವು ವರ್ಷಗಳ ಹಿಂದಿನ ಜೂನ್ ತಿಂಗಳು. ಗೋವಾದ ಮಳೆ ಹಿಡಿದರೆ ಬಿಡುವುದಿಲ್ಲ. ಶಾಲೆ ತೆರೆದ ವಾರದಲ್ಲೇ ಆಟದ ಸಾಮಾನುಗಳ ಕೋಣೆಯಲ್ಲಿ ನಾಲ್ಕು ಬೆಕ್ಕಿನ ಮರಿಗಳು ಕಂಡವು. ತಾಯಿ ಕಾಣಲಿಲ್ಲ. ಸತ್ತಿರಬೇಕೆಂದು ನಾವೇ ತೀರ್ಮಾನಿಸಿ, ಮರಿಗಳನ್ನು ಬುಟ್ಟಿಯಲ್ಲಿಟ್ಟು ಶಿಕ್ಷಕರ ಕೊಠಡಿಗೆ ತಂದೆವು. ಹಸುವಿನ ಹಾಲು ಇಟ್ಟೆವು. ಮಕ್ಕಳೆಲ್ಲರೂ ಮುಟ್ಟಲಿ, ದಯೆ ಕಲಿಯಲಿ ಎಂದು ತರಗತಿಯಿಂದ ತರಗತಿಗೆ ಕಳಿಸಿದೆವು. ಅಂದು ಎಷ್ಟು ಕೈಗಳು ಆ ಮರಿಗಳನ್ನು ಎತ್ತಿದವೋ ಲೆಕ್ಕವಿಲ್ಲ. ನಮಗೆಲ್ಲ ಬಹಳ ಸಂತೋಷವಾಗಿತ್ತು.

ಮರುದಿನ ಮರಿಗಳಿಗೆ ಭೇದಿ ಹತ್ತಿತು. ಮೂರನೆಯ ದಿನ ಬೆಳಿಗ್ಗೆ ಒಂದು ಮರಿ ಸತ್ತಿತ್ತು. ಅದಕ್ಕಿಂತಲೂ ನಮ್ಮನ್ನು ಚುಚ್ಚಿದ್ದು ಕಾವಲುಗಾರರ ಮಾತು. ಎರಡು ರಾತ್ರಿ ಒಂದು ಬೆಕ್ಕು ಆಟದ ಕೋಣೆಯ ಸುತ್ತ ಕೂಗುತ್ತ ತಿರುಗಿತೆಂದೂ, ಆ ರಾತ್ರಿ ಮಾತ್ರ ಬರಲಿಲ್ಲವೆಂದೂ ಅವರು ಹೇಳಿದರು. ತಾಯಿ ಸತ್ತಿರಲಿಲ್ಲ. ಆಹಾರ ಹುಡುಕಲು ಹೋಗಿತ್ತು, ಅಷ್ಟೇ. ಕಾಪಾಡಿದೆವೆಂದು ತಿಳಿದವರು ನಾವೇ ಮರಿಗಳನ್ನು ತಬ್ಬಲಿ ಮಾಡಿದ್ದೆವು.

ಪಶುವೈದ್ಯರು ನಮ್ಮನ್ನು ಗದರಲಿಲ್ಲ, ತಿಳಿಸಿ ಹೇಳಿದರು. ಮರಿಗಳು ಒಣ ಜಾಗದಲ್ಲಿ ಶಾಂತವಾಗಿ ಮಲಗಿದ್ದರೆ, ಅಪಾಯವೇನೂ ಇರದಿದ್ದರೆ, ಮುಟ್ಟದೆ ದೂರ ನಿಂತು ಕೆಲವು ಗಂಟೆ ಕಾಯಬೇಕು; ತಾಯಿ ಬಹುಮಟ್ಟಿಗೆ ಮರಳುತ್ತದೆ. ಹಸುವಿನ ಹಾಲು ಬೆಕ್ಕಿನ ಮರಿಯ ಹೊಟ್ಟೆಗೆ ಒಗ್ಗುವುದಿಲ್ಲ. ಭೇದಿಯಾಗಿ ಮೈಯ ನೀರು ಆರಿದರೆ ಸಣ್ಣ ಜೀವ ತಡೆಯಲಾರದು. ತಾಯಿಹಾಲು ಬಿಡದ ಮರಿಗೆ ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಬೇಕು. ಹಲ್ಲು ಬಂದ ಮರಿಗಾದರೆ ಉಪ್ಪುಖಾರವಿಲ್ಲದೆ ಬೇಯಿಸಿ, ಮುಳ್ಳು ತೆಗೆದು ಮಸೆದ ಮೀನು ಅಥವಾ ಕೋಳಿಮಾಂಸ ಆದೀತು. ನೀರು ಸದಾ ಹತ್ತಿರವಿರಬೇಕು.

ಉಳಿದ ಮೂರರಲ್ಲಿ ಎರಡು ಧೈರ್ಯದ ಮರಿಗಳು. ಬಂದವರ ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಅವನ್ನು ಸಾಕಲು ಪಾಲಕರು ಮುಂದೆ ಬಂದರು. ಮೂರನೆಯದು, ಬೂದುಬಣ್ಣದ ಹೆಣ್ಣುಮರಿ, ಕಪಾಟಿನ ಹಿಂದೆ ಸೇರಿಕೊಂಡಿತು. ಕೈ ಚಾಚಿದರೆ ಬುಸುಗುಟ್ಟುತ್ತಿತ್ತು. "ಇದು ಕಾಡುಬೆಕ್ಕು, ಹೊರಗೆ ಬಿಟ್ಟುಬಿಡಿ" ಎಂದರು ಕೆಲವರು. ಆದರೆ ಬುಸುಗುಟ್ಟುವುದು ಸಿಟ್ಟಿನ ಗುರುತಲ್ಲ, ಹೆದರಿಕೆಯ ಗುರುತು. ಹುಟ್ಟಿದ ಎರಡನೆಯ ವಾರದಿಂದ ಏಳೆಂಟು ವಾರಗಳವರೆಗೆ ಮರಿಯ ಮನಸ್ಸು ಮನುಷ್ಯರನ್ನು ಪರಿಚಯಿಸಿಕೊಳ್ಳಲು ಹೆಚ್ಚು ತೆರೆದಿರುತ್ತದೆ. ಆ ಅವಧಿಯಲ್ಲಿ ಕೈಗಳು ಭಯವನ್ನೇ ಕಲಿಸಿದ್ದರೆ, ಅದನ್ನು ಮರೆಸಲು ತಾಳ್ಮೆಯಲ್ಲದೆ ಬೇರೆ ಮದ್ದಿಲ್ಲ.

ಅಂದಿನಿಂದ ನಮ್ಮ ಕ್ರಮ ಬದಲಾಯಿತು. ಗ್ರಂಥಾಲಯದ ಪಕ್ಕದ ಸಣ್ಣ ಕೋಣೆಯನ್ನು ಮರಿಗೆ ಬಿಟ್ಟುಕೊಟ್ಟೆವು. ರಟ್ಟಿನ ಪೆಟ್ಟಿಗೆಯೊಂದನ್ನು ಮಗ್ಗುಲಾಗಿಟ್ಟು ಹಳೆಯ ಬಟ್ಟೆ ಹಾಸಿದೆವು. ಒಂದು ಮೂಲೆಯಲ್ಲಿ ಮರಳಿನ ತಟ್ಟೆ, ಅದರಿಂದ ದೂರದಲ್ಲಿ ಊಟ ಮತ್ತು ನೀರು. ಅಡಗಿದ ಜಾಗದಿಂದ ಎಳೆದು ತೆಗೆಯಬಾರದೆಂಬುದು ಮೊದಲ ನಿಯಮ. ಊಟವನ್ನು ನಿಗದಿತ ಹೊತ್ತಿಗೇ ಇಟ್ಟು ನೆಲದ ಮೇಲೆ ಸುಮ್ಮನೆ ಕೂರಬೇಕೆಂಬುದು ಎರಡನೆಯದು. ಮೇಲಿನಿಂದ ಬಾಗಿ ಕೈ ಚಾಚಬಾರದು, ದಿಟ್ಟಿಸಿ ನೋಡಬಾರದು ಎಂಬುದು ಮೂರನೆಯದು. ನೋಡಿದರೂ ಕಣ್ಣನ್ನು ಮೆಲ್ಲಗೆ ಅರೆಮುಚ್ಚಿ ತೆರೆಯಬೇಕು. ಇದು ಬರಿಯ ನಂಬಿಕೆಯಲ್ಲ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಂತೆ, ಮನುಷ್ಯರು ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ಕಣ್ಣು ಕಿರಿದಾಗಿಸಿ ಉತ್ತರಿಸುತ್ತವೆ. ಅಪರಿಚಿತರು ಚಾಚಿದ ಕೈಯ ಬಳಿಗೂ ಹೆಚ್ಚಾಗಿ ಬರುತ್ತವೆ.

ಆ ಕೋಣೆಯಲ್ಲಿ ಸುಮ್ಮನೆ ಕೂರುವವರು ಯಾರು? ನಮ್ಮ ಶಾಲೆಯ ಮಕ್ಕಳಿಗೆ ಬೇರೆಲ್ಲ ಬರುತ್ತದೆ, ಸುಮ್ಮನಿರುವುದೊಂದು ಬರುವುದಿಲ್ಲ. ಆಗ ಮೂರನೆಯ ತರಗತಿಯ ಹುಡುಗಿಯೊಬ್ಬಳ ನೆನಪಾಯಿತು. ನಮ್ಮಲ್ಲಿ ಓದುವವರು ಹೆಚ್ಚಾಗಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ, ಬಂದರಿನ ಕೂಲಿಗೆ ಬಂದವರ ಮಕ್ಕಳು. ಈ ಮಗು ಬಂದು ಹಲವು ವಾರಗಳಾಗಿದ್ದರೂ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಓದಲು ಎದ್ದು ನಿಲ್ಲಿಸಿದರೆ ಕಣ್ಣಲ್ಲಿ ನೀರು. ಅವಳಿಗೆ ಓದು ಬರುವುದಿಲ್ಲವೆಂದು ನಾವು ದಾಖಲೆಯಲ್ಲಿ ಬರೆದೂ ಆಗಿತ್ತು.

ಅವಳನ್ನು ದಿನವೂ ಮಧ್ಯಾಹ್ನದ ಊಟದ ನಂತರ ಇಪ್ಪತ್ತು ನಿಮಿಷ ಆ ಕೋಣೆಯಲ್ಲಿ ಕೂರಿಸಿದೆವು. ಬಾಗಿಲ ಸಂದಿಯಿಂದ ಒಬ್ಬ ಶಿಕ್ಷಕಿ ಗಮನಿಸುತ್ತಿದ್ದರು. ಮೊದಲ ದಿನಗಳಲ್ಲಿ ಇಬ್ಬರೂ ಮೌನ. ನಾಲ್ಕನೆಯ ದಿನವೋ ಐದನೆಯ ದಿನವೋ, ಕೋಣೆಯೊಳಗಿನಿಂದ ಪಿಸುದನಿ ಕೇಳಿತು. ಹುಡುಗಿ ಕನ್ನಡ ಪಠ್ಯಪುಸ್ತಕವನ್ನು ಮರಿಗೆ ಓದಿ ಹೇಳುತ್ತಿದ್ದಳು. ಒಂದು ಕಡೆ ತೊಡರಿದರೆ ಅಲ್ಲೇ ನಿಂತು ಮತ್ತೆ ಓದುತ್ತಿದ್ದಳು. ನಗುವವರೂ ಇರಲಿಲ್ಲ, ತಿದ್ದುವವರೂ ಇರಲಿಲ್ಲ. ಹನ್ನೊಂದನೆಯ ದಿನ ಅವಳು ಓಡುತ್ತ ಬಂದು, "ಟೀಚರ್ರಿ, ಅದು ತಾನ ಬಂತ್ರಿ! ನನ್ನ ಕೈ ಮೂಸಿ ನೋಡ್ತ್ರಿ!" ಎಂದಳು. ಅಂದು ನಮ್ಮ ಶಾಲೆಯಲ್ಲಿ ನಾವು ಕೇಳಿದ ಅವಳ ಮೊದಲ ಪೂರ್ಣ ಮಾತು ಅದು.

ಅಮೆರಿಕದ ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯ ಪ್ರಾಣಿ ರಕ್ಷಣಾ ಕೇಂದ್ರವೊಂದು 2013ರಿಂದ ಮಕ್ಕಳನ್ನು ಕರೆಸಿ ಬೆಕ್ಕುಗಳ ಮುಂದೆ ಪುಸ್ತಕ ಓದಿಸುತ್ತದೆಂದು ನಮಗೆ ತಿಳಿದದ್ದು ಆಮೇಲೆ. ಒಂದೇ ಹದದ ಮೆಲುದನಿಗೆ ಬೆಕ್ಕು ಒಗ್ಗಿಕೊಳ್ಳುತ್ತದೆ, ಮಗುವಿನ ಓದೂ ಸಾಗುತ್ತದೆ. ನಾವು ದಾಖಲೆಯಲ್ಲಿ ಬರೆದಿದ್ದ ಆ ಸಾಲನ್ನು ಹೊಡೆದುಹಾಕಿದೆವು. ಅವಳಿಗೆ ಓದು ಬರುತ್ತಿತ್ತು. ನಮಗೆ ಕೇಳಿಸಿಕೊಳ್ಳಲು ಬಂದಿರಲಿಲ್ಲ.

ಮರಿಯನ್ನು ಸಾಕಲು ಕೊನೆಗೆ ಮುಂದೆ ಬಂದವರು ಖಾರಿವಾಡಾ ಜೆಟ್ಟಿಯಲ್ಲಿ ಮೀನಿನ ಕೆಲಸ ಮಾಡುವ ಪಾಲಕರೊಬ್ಬರು. ಮನೆಯವರೆಲ್ಲ ಒಪ್ಪಿದ್ದಾರೆಯೇ, ಮನೆಯ ಮಾಲೀಕರ ಅಡ್ಡಿಯಿಲ್ಲವೇ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂದು ಕೇಳಿಯೇ ಕೊಟ್ಟೆವು. ನಾಲ್ಕನೆಯ ದಿನ ಅವರು ಬಂದು, "ಟೀಚರ್, ನಿಮ್ಮ ಬೆಕ್ಕು ಮಂಚದ ಕೆಳಗ ಸನ್ಯಾಸಿ ಆಗೇತ್ರಿ. ವಾಪಸ್ ತಗೋರಿ" ಎಂದರು. ಹೊಸ ಮನೆಗೆ ಹೋದ ಮರಿ ಮತ್ತೆ ಅಡಗುವುದು ಸಹಜ, ಇನ್ನೂ ಕೆಲವು ವಾರ ತಾಳಿರಿ ಎಂದು ಬೇಡಿಕೊಂಡೆವು. ಅವರು ತಾಳಿದರು. ಮೂರು ವಾರದ ನಂತರ, ರಾತ್ರಿ ಊಟಕ್ಕೆ ಕುಳಿತಾಗ ಅದು ಬಂದು ಅವರ ಮೊಣಕಾಲಿಗೆ ಒರಗಿತಂತೆ. ಅದನ್ನು ಹೇಳುವಾಗ ಆ ದೊಡ್ಡ ಮನುಷ್ಯರ ಗಂಟಲು ಕಟ್ಟಿತ್ತು.

ಪಾಲಕರೇ, ದಯೆಯ ಜೊತೆಗೆ ಎಚ್ಚರವೂ ಬೇಕು. ಬೆಕ್ಕಿನಿಂದಲೂ ರೇಬೀಸ್ ಬರಬಹುದು. ಮಗುವಿಗೆ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅರಿಶಿನವನ್ನಾಗಲಿ ಸುಣ್ಣವನ್ನಾಗಲಿ ಮೆತ್ತಬಾರದು. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕು. ಗೋವಾದಲ್ಲಿ ಮಿಷನ್ ರೇಬೀಸ್ ಸಂಸ್ಥೆಯು ಸರ್ಕಾರದೊಡನೆ ಸೇರಿ ನಾಯಿಗಳಿಗೆ ಲಸಿಕೆ ಹಾಕುತ್ತ, ಶಾಲೆಶಾಲೆಗೂ ಹೋಗಿ ಮಕ್ಕಳಿಗೆ ತಿಳಿವಳಿಕೆ ನೀಡುತ್ತ ಬಂದಿದೆ. 2021ರಲ್ಲಿ ರಾಜ್ಯವನ್ನು ರೇಬೀಸ್ ನಿಯಂತ್ರಿತವೆಂದು ಘೋಷಿಸಲಾಯಿತು. ಲಸಿಕೆಯೂ ತಿಳಿವಳಿಕೆಯೂ ಕೂಡಿದಾಗ ಆದ ಕೆಲಸವದು. ಇನ್ನೊಂದು ಮಾತು: ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಹುದು, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಪಶುವೈದ್ಯರ ಸಲಹೆಯಂತೆ ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ, ಇಂದು ಒಂದು ಮರಿಯನ್ನು ಕಾಪಾಡಿದವರೇ ನಾಳೆ ನಾಲ್ಕನ್ನು ಬೀದಿಗೆ ಬಿಡಬೇಕಾಗುತ್ತದೆ.

ಜೀವಿಗಳಲ್ಲಿ ಅನುಕಂಪ ಹೊಂದಿರುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನದ 51ಎ ವಿಧಿ ಹೇಳುತ್ತದೆ. ಪೌರನೀತಿಯ ಪಾಠದಲ್ಲಿ ಅದನ್ನು ನಾವು ವರ್ಷವರ್ಷವೂ ಬಾಯಿಪಾಠ ಮಾಡಿಸಿದ್ದೆವು. ಅನುಕಂಪವೆಂದರೆ ಎತ್ತಿ ಮುದ್ದಾಡುವುದೆಂದೇ ತಿಳಿದಿದ್ದೆವು. ಕೈ ಹಿಂದಕ್ಕೆ ತೆಗೆದುಕೊಂಡು ಕಾಯುವುದೂ ಅನುಕಂಪವೆಂದು ತಿಳಿಯಲು ಒಂದು ಮರಿಯ ಸಾವು ಬೇಕಾಯಿತು. ಆ ಲೆಕ್ಕ ನಮ್ಮ ಮೇಲೆ ಇನ್ನೂ ಇದೆ.

ಆ ಹುಡುಗಿಯ ತಂದೆಗೆ ಮರುವರ್ಷ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ, ಕುಟುಂಬ ಗೋವಾ ಬಿಟ್ಟು ಹೋಯಿತು. ಈಗ ಅವಳು ಯಾವುದೋ ಹೊಸ ಶಾಲೆಯ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರಬಹುದು. ಅಲ್ಲಿನ ಗುರುಗಳು ಅವಳಿಗಾಗಿ ಹನ್ನೊಂದು ದಿನ ಕಾಯಲಿ ಎಂಬುದು ನಮ್ಮ ಹಾರೈಕೆ. ನೂರು ವರ್ಷಗಳಲ್ಲಿ ಈ ಶಾಲೆಯ ಹೊಸ್ತಿಲು ದಾಟಿ ಬಂದವರಲ್ಲಿ ಅಂಥ ಮಕ್ಕಳು ಎಷ್ಟಿದ್ದರೋ! ಅವರಲ್ಲಿ ನಾವೂ ಒಬ್ಬರಾಗಿದ್ದೆವು. ನಮಗಾಗಿ ಕಾದ ಗುರುಗಳು ಈ ಶಾಲೆಯಲ್ಲಿದ್ದರು. ಅವರ ನೆನಪಿಗೆ ತಲೆಬಾಗುತ್ತೇವೆ.