‘ಎಲ್ಲಾ ಛಲೋ ಅದ’ ಅಂದವರನ್ನ ಇನ್ನೊಮ್ಮೆ ಕೇಳ್ರಿ

ಇವತ್ತಿನ ಮಾತು ಒಂದು ಫೋನ್ ಕರೆಯಿಂದ ಶುರು ಮಾಡ್ತೀನಿ.

ಹೋದ ವರ್ಷ ನಮ್ಮ ಆಯಿ ಹಲಬರ್ಗಾದ ಮನೆ ಅಂಗಳದಾಗ ಜಾರಿ ಬಿದ್ದಳು. ವಯಸ್ಸು ಎಂಬತ್ತರ ಮೇಲೆ. ಒಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಚೀಟಿ ಮಾಡಿಸುವಾಗ ಕೊಟ್ಟಿದ್ದು ನನ್ನ ಮೊಬೈಲ್ ನಂಬರ್. ಮೂರನೇ ದಿನಕ್ಕೆ ನನಗೆ ಫೋನ್ ಬಂತು. ‘ಚಿಕಿತ್ಸೆ ಹೆಂಗಿತ್ತು?’ ಅಂತ ಕೇಳಿದರು. ನಾನು ಬೀದರ್‌ನಾಗ ಕೆಲಸದ ಮೇಲಿದ್ದೆ. ‘ಎಲ್ಲಾ ಛಲೋ ಇತ್ತು’ ಅಂದು ಇಟ್ಟೆ.

ಅವತ್ತು ರಾತ್ರಿ ಮನೆಗೆ ಹೋದರೆ ಆಯಿ ನನ್ನ ಗುರುತೇ ಹಿಡಿಯಲಿಲ್ಲ. ಬಾಯಿ ಒಣಗಿತ್ತು, ಮಾತು ತೊದಲ್ತಿತ್ತು. ಮತ್ತೆ ಕರಕೊಂಡು ಹೋದೆವು. ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ, ಮೂತ್ರದ ಸೋಂಕೂ ಇದೆ ಅಂದರು ಡಾಕ್ಟರು. ಆಗ ಅವ್ವ ಬಾಯಿಬಿಟ್ಟಳು. ಆ ನಾಲ್ಕು ದಿನ ಆಯಿ ಸರಿಯಾಗಿ ನೀರೇ ಕುಡಿದಿರಲಿಲ್ಲವಂತೆ. ಸಂಡಾಸ ವಾರ್ಡಿನ ಆ ತುದಿಗಿತ್ತು. ಹೋಗಬೇಕಂದ್ರ ಇಬ್ಬರು ಹಿಡೀಬೇಕು. ‘ಯಾರಿಗ್ಯಾಕ ತ್ರಾಸ ಕೊಡ್ಲಿ’ ಅಂತ ಗುಟುಕು ಗುಟುಕು ಕುಡಿದು ದಿನ ದೂಡಿದ್ದಳು. ಮನೆಗೆ ಬಂದ ಮೇಲೂ ಅದೇ ರೂಢಿಯಾಗಿತ್ತು.

ಅವ್ವ ಇದನ್ನ ಅಲ್ಲಿನ ನರ್ಸ್‌ಗೆ ಹೇಳಿದಾಗ ಅವರು ಒಂದೇ ಮಾತು ಅಂದರು: ‘ಅವತ್ತೇ ಹೇಳಿದ್ರ ಬಾಗಿಲ ಹತ್ತಿರದ ಮಂಚ ಕೊಡ್ತಿದ್ದೆವಲ್ಲಮ್ಮ.’ ಈ ಸಲ ಕೊಟ್ಟರು. ಒಂದು ಪೈಸೆ ಖರ್ಚಿಲ್ಲ.

ಈಗ ನೋಡ್ರಿ, ನಾನು ಫೋನ್‌ನಲ್ಲಿ ಸುಳ್ಳು ಹೇಳಲಿಲ್ಲ. ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರು ಇಬ್ಬರು, ಆಯಿ ಮತ್ತು ಅವ್ವ. ಅವರನ್ನ ಯಾರೂ ಕೇಳಲಿಲ್ಲ.

ಕೇಂದ್ರ ಸರ್ಕಾರ 2016ರಲ್ಲಿ ‘ಮೇರಾ ಆಸ್ಪತಾಲ್’ ಅನ್ನೋ ವ್ಯವಸ್ಥೆ ತಂತು. ಎಸ್ಎಂಎಸ್, ಫೋನ್ ಕರೆ, ಆ್ಯಪ್ ಮೂಲಕ ರೋಗಿಗಳ ಅಭಿಪ್ರಾಯ ಕೇಳ್ತಾರೆ. ಒಳ್ಳೆಯ ಕೆಲಸವೇ. ಆದರೆ ಮೊಬೈಲ್ ಮಗನದೋ ಮೊಮ್ಮಗನದೋ ಆಗಿರುತ್ತೆ, ಆ ಮಗ ಹೈದರಾಬಾದಿನಲ್ಲೋ ಪುಣೆಯಲ್ಲೋ ಇರ್ತಾನೆ. ಮಂಚದ ಮೇಲಿದ್ದವರ ಮಾತು ಅಲ್ಲಿಗೆ ಮುಟ್ಟೋದೇ ಇಲ್ಲ.

ಬಲಗುಂದಿದ ವೃದ್ಧರಿಗೆ ಇದು ಇನ್ನೂ ಕಷ್ಟ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಇದಕ್ಕೆ ಐದು ಗುರುತು ಹೇಳಿದರು: ತಾನಾಗೇ ತೂಕ ಇಳಿಯೋದು, ಸುಸ್ತು, ಕೈಹಿಡಿತ ಸಡಿಲಾಗೋದು, ನಡಿಗೆ ನಿಧಾನ ಆಗೋದು, ಓಡಾಟ ಕಡಿಮೆ ಆಗೋದು. ಮೂರಿದ್ದರೆ ಹುಷಾರಾಗಿರಬೇಕು. ಇಂಥವರಿಗೆ ಸಣ್ಣ ತೊಂದರೆಯೂ ದೊಡ್ಡದಾಗುತ್ತೆ, ನೀರಿನ ಕಥೆ ಆದಂಗ. ಆದರೂ ಅವರೇ ಎಲ್ಲರಿಗಿಂತ ಕಡಿಮೆ ದೂರ್ತಾರೆ. ‘ಡಾಕ್ಟರ್ ಸಾಹೇಬ್ರು ದೇವರಂಥವರು’ ಅಂತಾರೆ, ಮುಗೀತು.

ಹಂಗಾಗಿ ಪ್ರಶ್ನೆ ಬದಲಾಗಬೇಕು. ‘ಹೆಂಗಿತ್ತು?’ ಅಂದರೆ ‘ಛಲೋ’ ಅನ್ನೋದೇ ಉತ್ತರ. ಅದರ ಬದಲು ಕೇಳ್ರಿ: ನಿನ್ನೆ ಎಷ್ಟು ಲೋಟ ನೀರು ಕುಡಿದ್ರಿ? ರಾತ್ರಿ ಸಂಡಾಸಕ್ಕೆ ಯಾರು ಕರಕೊಂಡು ಹೋದರು? ಈ ಗುಳಿಗಿ ಯಾವಾಗ ತಗೋಬೇಕು, ಹೇಳ್ರಿ ನೋಡೋಣ? ಡಾಕ್ಟರ್ ಅಂದಿದ್ದು ಕಿವಿಗೆ ಬಿತ್ತೇನು? ಸೇವೆ ಮಾಡೋ ಸೊಸೆಯನ್ನ ಬ್ಯಾರೆ ಕೇಳ್ರಿ. ಅತ್ತೆಯ ಎದುರಿಗೆ ಅವಳೂ ‘ಛಲೋ’ ಅಂತಾಳೆ. ಆಸ್ಪತ್ರೆಯವರು ಮಂಚದ ಹತ್ತಿರ, ಆಶಾ ಅಕ್ಕಂದಿರು ಮನೆಗೆ ಬಂದಾಗ ಕೇಳಬಹುದು.

ಕೇಳಿದ ಮೇಲೆ ಏನು ಬದಲಾಯ್ತು ಅಂತ ತಿರುಗಿ ಹೇಳಬೇಕು. ಇಲ್ಲಾಂದ್ರ ಮುಂದಿನ ಸಲ ಯಾರೂ ಬಾಯಿಬಿಡಲ್ಲ.

ನಮ್ಮ ಕೈಲಿ ಇರೋದೂ ಇದೆ. ವೃದ್ಧರಿಗೆ ಬೇರೆ ಸಾಲು ಇರಬೇಕು ಅಂತ 2007ರ ಹಿರಿಯ ನಾಗರಿಕರ ಕಾಯ್ದೆಯೇ ಹೇಳುತ್ತೆ, ಕೇಳಿ ಪಡೀರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಜನ ಆರೋಗ್ಯ ಸಮಿತಿಗೆ ಬರೆದು ಕೊಡ್ರಿ. ಹಿರಿಯರ ಸಹಾಯವಾಣಿ 14567 ಇದೆ.

ಆಯಿ ಈಗ ಹುಷಾರಾಗಿದ್ದಾಳೆ. ಕೋಲು ಹಿಡಿದು ಅಂಗಳಕ್ಕೆ ಬರ್ತಾಳೆ. ದಿನಾ ಸಂಜೆ ಫೋನ್ ಮಾಡಿ, ‘ಎಷ್ಟು ಲೋಟ ಆಯ್ತು?’ ಅಂತ ಕೇಳ್ತೀನಿ. ‘ಐದು’ ಅಂತಾಳೆ. ಹಿಂದಿನಿಂದ ಅವ್ವ ‘ಮೂರೇ’ ಅಂತ ಕೂಗ್ತಾಳೆ.

ನಿಮ್ಮ ಮನೆಯಾಗೂ ಇವತ್ತು ಒಮ್ಮೆ ಕೇಳ್ರಿ.